ಹಳೇ ಚಂದಮಾಮ ಆನ್‌ಲೈನಲ್ಲಿ ತರಿಸೋರಿಗೆ: ಮುಖಪುಟ ನೋಡದೆ ದುಡ್ಡು ಕಳಿಸಬೇಡಿ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಆಮೇಲೆ ವಿವರ. ವಾಟ್ಸಾಪಿನಲ್ಲಿ ಹಳೇ ಚಂದಮಾಮ ಮಾರುವ ಒಬ್ಬರಿಂದ ಸುಮಾರು ಕಾಲದಿಂದ ಸಂಚಿಕೆಗಳನ್ನು ತರಿಸಿಕೊಳ್ಳುತ್ತಿದ್ದೇನೆ. ಸರಕು ಚೆನ್ನಾಗಿದೆ. ವಿವರಣೆ ಕೆಟ್ಟದಾಗಿದೆ. ಪ್ಯಾಕಿಂಗ್ ಅಂತೂ ಕೇಳಲೇಬೇಡಿ. ಐದಕ್ಕೆ ಎರಡೂವರೆ ಕೊಡುತ್ತೇನೆ. ಅದರಲ್ಲಿ ಎರಡು ಸರಕಿಗೆ, ಅರ್ಧ ಆ ಮನುಷ್ಯನ ತಾಳ್ಮೆಗೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಈ ತೊಂದರೆ ಅವರೊಬ್ಬರದ್ದಲ್ಲ. ಹಳೇ ಪತ್ರಿಕೆ ಮಾರುವ ಬೇರೆಯವರ ಹತ್ತಿರವೂ ನೋಡಿದ್ದೇನೆ, ಇಸವಿ ನೋಡಿ ಬೆಲೆ ಕಟ್ಟುತ್ತಾರೆ. 1955 ಅಂದರೆ ಇಷ್ಟು, 1975 ಅಂದರೆ ಇಷ್ಟು. ಮುಖಪುಟ ಹರಿದಿದೆಯಾ, ಇದೆಯಾ, ಯಾರು ಬರೆದದ್ದು, ಇದ್ಯಾವುದೂ ಲೆಕ್ಕಕ್ಕೇ ಇಲ್ಲ.

ನನಗೆ ಬೇಕಾಗಿರುವುದೇ ಮುಖಪುಟ. ಬರೀ ಕಥೆ ಓದಬೇಕು ಅಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಚಂದಮಾಮದ ಸ್ಕ್ಯಾನ್‌ಗಳು ಪುಕ್ಕಟೆ ಸಿಗುತ್ತವೆ. ಮೊಬೈಲಲ್ಲೇ ಓದಬಹುದು. ಆದರೆ ಆ ಮುಖಪುಟದ ಬಣ್ಣ ಸ್ಕ್ಯಾನಿನಲ್ಲಿ ಬರುವುದಿಲ್ಲ. ಒಂದೋ ಕಂದು ತಿರುಗಿರುತ್ತದೆ, ಇಲ್ಲಾ ಯಾರೋ ಕಾಂಟ್ರಾಸ್ಟ್ ಏರಿಸಿ ರಾಜಕುಮಾರಿಯ ಮುಖವನ್ನು ಕಿತ್ತಳೆ ಮಾಡಿರುತ್ತಾರೆ. ಎಷ್ಟೋ ಸ್ಕ್ಯಾನಿನಲ್ಲಿ ಮುಖಪುಟವೇ ಇರುವುದಿಲ್ಲ, ಸೀದಾ ಒಳಪುಟದಿಂದ ಶುರು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ಈ ಹುಚ್ಚು ಯಾಕೆ ಅಂತ ಗೊತ್ತಾಗುವುದಿಲ್ಲ. ಚಂದಮಾಮ ಶುರುವಾಗಿದ್ದು 1947ರ ಜುಲೈನಲ್ಲಿ, ಮದರಾಸಿನಲ್ಲಿ, ತೆಲುಗು ಮತ್ತು ತಮಿಳಿನಲ್ಲಿ. ತಮಿಳಲ್ಲಿ ಅದರ ಹೆಸರು ಅಂಬುಲಿಮಾಮ. ಮರುವರ್ಷವೇ, 1948ರಲ್ಲಿ, ಕನ್ನಡಕ್ಕೆ ಬಂತು. ಹುಟ್ಟುಹಾಕಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಹೌದು, ವಿಜಯಾ ಸಂಸ್ಥೆಯಿಂದ ಸಿನಿಮಾ ತೆಗೆಯುತ್ತಿದ್ದ ಅದೇ ಜೋಡಿ. ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಸಂಪಾದಕತ್ವದ ಭಾರ ಹೊತ್ತರು. ಅಚ್ಚು ವಡಪಳನಿಯಲ್ಲಿ. ಸಿನಿಮಾ ಪೋಸ್ಟರಿನ ಬಣ್ಣ ಗೊತ್ತಿದ್ದ ಊರಲ್ಲಿ, ಆ ಬಣ್ಣ ಗೊತ್ತಿದ್ದವರ ಕೈಯಲ್ಲಿ ಅಚ್ಚಾದ ಮಕ್ಕಳ ಪತ್ರಿಕೆ ಇದು. ಮುಖಪುಟ ಹಾಗೆ ಮಿಂಚುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನು ಚಿತ್ರ ಬರೆದವರು. ನನ್ನ ಹುಡುಕಾಟ ಮುಖ್ಯವಾಗಿ ಇಬ್ಬರ ಹಿಂದೆ. ಒಬ್ಬರು ಎಂ.ಟಿ.ವಿ. ಆಚಾರ್ಯ, ನಮ್ಮವರೇ, ಕನ್ನಡಿಗರು. ಚಂದಮಾಮದ ಮುಖಪುಟಕ್ಕೆ ಅವರು ಬರೆದ ಮಹಾಭಾರತದ ದೃಶ್ಯಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ರಥದ ಚಕ್ರ, ಕಿರೀಟದ ಕಲ್ಲು, ಹಿಂದೆ ನಿಂತ ಸೈನಿಕನ ಈಟಿ, ಎಲ್ಲದಕ್ಕೂ ಒಂದು ತೂಕ ಇದೆ. ದೇಹಕ್ಕೆ ಮೂಳೆ ಮಾಂಸ ಇದೆ. ಮದರಾಸು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಅವರು ಆಚಾರ್ಯ ಚಿತ್ರಕಲಾ ಭವನ ಅಂತ ಮಾಡಿ ಅಂಚೆ ಮೂಲಕ ಚಿತ್ರಕಲೆ ಕಲಿಸುತ್ತಿದ್ದರು. ನಮ್ಮ ಹಿರಿಯರಲ್ಲಿ ಕೆಲವರಿಗೆ ಆ ಪಾಠಗಳು ನೆನಪಿರಬಹುದು. ಇನ್ನೊಬ್ಬರು ವಡ್ಡಾದಿ ಪಾಪಯ್ಯ, ಆಂಧ್ರದವರು, ಚಿತ್ರದ ಮೂಲೆಯಲ್ಲಿ ತೆಲುಗಿನಲ್ಲಿ ‘ವಪಾ’ ಅಂತ ಸಹಿ ಹಾಕುತ್ತಿದ್ದರು. ಅವರದ್ದು ಬೇರೆಯೇ ಲೋಕ. ಉದ್ದ ಕಣ್ಣು, ತೇಲುವ ಸೆರಗು, ಯಾವ ಊರಲ್ಲೂ ಕಾಣದ ನೇರಳೆ ಆಕಾಶ. ಆಚಾರ್ಯರ ಭೀಮ ನೆಲದ ಮೇಲೆ ನಿಂತಿರುತ್ತಾನೆ, ವಪಾ ಅವರ ದೇವತೆಗೆ ನೆಲವೇ ಬೇಕಿಲ್ಲ. ನನಗೆ ಆಚಾರ್ಯರು ಒಂದು ತೂಕ ಹೆಚ್ಚು. ಬೇರೆಯವರು ಒಪ್ಪಲಿಕ್ಕಿಲ್ಲ, ಪರವಾಗಿಲ್ಲ.

ಒಳಪುಟದ ಚಿತ್ರ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಶಂಕರ್. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆಯುವ ವಿಕ್ರಮ, ಆ ಚಿತ್ರ ಅವರದ್ದೇ. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮಶ್ರೀ ಬಂತು. ಬದುಕಿದ್ದಾಗ ಕೊಟ್ಟಿದ್ದರೆ ಏನಾಗುತ್ತಿತ್ತೋ. ಚಿತ್ರಾ ಅಂತ ಸಹಿ ಹಾಕುತ್ತಿದ್ದ ಇನ್ನೊಬ್ಬರಿದ್ದರು, ಧಾರಾವಾಹಿಗಳ ರಾಕ್ಷಸರು, ಕೋಟೆ, ಗುಹೆ ಎಲ್ಲ ಅವರ ಕೈಯದ್ದು. ಇವರಿಬ್ಬರ ಬಗ್ಗೆ ಬರೆದರೆ ಮುಗಿಯಲ್ಲ. ನಾನು ಮುಖಪುಟಕ್ಕೆ ವಾಪಸ್ ಬರುತ್ತೇನೆ.

ಹಳೇ ಪತ್ರಿಕೆಯಲ್ಲಿ ಮೊದಲು ಹಾಳಾಗುವುದೇ ಮುಖಪುಟ. ಬಿಸಿಲು, ಎಣ್ಣೆ ಕೈ, ಕಾಫಿ ಲೋಟದ ಉಂಗುರ, ಎಲ್ಲ ಅದರ ಮೇಲೇ. ಪಿನ್ನು ತುಕ್ಕು ಹಿಡಿದರೆ ಮೊದಲು ಕಳಚಿಕೊಳ್ಳುವುದೂ ಅದೇ. ಇದು ಸಾಲದು ಅಂತ ನಾವೇ ಕಿತ್ತಿದ್ದೇವೆ. ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಲು, ನೋಟ್‌ಬುಕ್ಕಿಗೆ ಬೈಂಡು ಹಾಕಲು, ಕ್ರಾಫ್ಟ್ ಕ್ಲಾಸಿನಲ್ಲಿ ಕತ್ತರಿಸಲು. ಒಳಪುಟಗಳು ಪೂರ್ತಿ ಇದ್ದು ಮುಖಪುಟ ಇಲ್ಲದ ಸಂಚಿಕೆ ರಾಶಿ ರಾಶಿ ಸಿಗುತ್ತದೆ. ಮುಖಪುಟ ನೆಟ್ಟಗಿರುವುದು ಸಿಗುವುದು ಅಪರೂಪ. ಹಾಗಿದ್ದಮೇಲೆ ಬೆಲೆ ಯಾವುದಕ್ಕೆ ಜಾಸ್ತಿ ಇರಬೇಕು, ನೀವೇ ಹೇಳಿ. ಇಸವಿ ಒಂದೇ ಆದರೆ ನಮ್ಮ ವ್ಯಾಪಾರಿ ಎರಡಕ್ಕೂ ಒಂದೇ ರೇಟು ಹೇಳುತ್ತಾರೆ. ಮುಖಪುಟ ಇಲ್ಲದ ಐವತ್ತರ ದಶಕದ ಸಂಚಿಕೆಗೆ 800 ಹೇಳಿದರು. ಅದೇ ಪಟ್ಟಿಯಲ್ಲಿ ಎಪ್ಪತ್ತರ ದಶಕದ ಒಂದು ಸಂಚಿಕೆ, ಮುಖಪುಟ ಹೊಚ್ಚಹೊಸದರ ಹಾಗೆ ಇತ್ತು, ಬರೀ 250. ನಾನು ಎರಡನೆಯದನ್ನು ಎತ್ತಿಕೊಂಡೆ. ಅವರ ಲೆಕ್ಕದ ಈ ಸಡಿಲ ಜಾಗ ನಮ್ಮಂಥವರಿಗೆ ಲಾಭವೇ, ಅದಕ್ಕೇ ಇನ್ನೂ ಅವರನ್ನು ಬಿಟ್ಟಿಲ್ಲ.

ಈಗ ವಿವರಣೆಯ ಕಥೆ. ಅವರ ಪಟ್ಟಿಯಲ್ಲಿ ಪ್ರತಿಯೊಂದು ಸಂಚಿಕೆಯ ಮುಂದೂ ‘ರೇರ್’, ‘ಗುಡ್ ಕಂಡೀಷನ್’ ಅಂತ ಇರುತ್ತದೆ. ಗುಡ್ ಕಂಡೀಷನ್ ಅಂದರೆ ಪುಟ ತಿರುಗಿಸಿದರೆ ಪುಡಿಯಾಗುವುದಿಲ್ಲ ಅಂತ ಅರ್ಥ, ಅಷ್ಟೇ. ಒಂದರಲ್ಲಿ ಮುಖಪುಟದ ಕೆಳಗಿನ ಮೂಲೆಯನ್ನು ಇಲಿ ತಿಂದಿತ್ತು. ಫೋಟೋದಲ್ಲಿ ಅದೇ ಮೂಲೆಯ ಮೇಲೆ ಅವರ ಹೆಬ್ಬೆರಳು. ಇನ್ನೊಂದರಲ್ಲಿ ಯಾವುದೋ ಬಾಡಿಗೆ ಲೈಬ್ರರಿಯ ಸೀಲು, ಸರಿಯಾಗಿ ರಾಣಿಯ ಹಣೆ ಮೇಲೆ. ಕೇಳಿದರೆ, ‘ಹಳೇದಲ್ವಾ ಸಾರ್, ಹಂಗೇ ಇರುತ್ತೆ’ ಅಂದರು. ಇರುತ್ತೆ, ಒಪ್ಪಿದೆ. ಆದರೆ ದುಡ್ಡು ಕಳಿಸುವ ಮೊದಲು ಹೇಳಬೇಕಲ್ವಾ?

ಹಾಗಂತ ಎಲ್ಲ ಕಲೆಯೂ ಕಲೆ ಅಲ್ಲ. ಮುಖಪುಟದ ಮೇಲೆ ಯಾವುದೋ ಮಗು ಮಸಿ ಪೆನ್ನಿನಲ್ಲಿ ತನ್ನ ಹೆಸರು, ಕ್ಲಾಸು, ಸೆಕ್ಷನ್ನು ಬರೆದಿದ್ದರೆ ನಾನು ಬೆಲೆ ಕಮ್ಮಿ ಮಾಡಿ ಅಂತ ಕೇಳುವುದಿಲ್ಲ. ಮಂತ್ರವಾದಿಗೆ ಕನ್ನಡಕ, ರಾಜಕುಮಾರಿಗೆ ಮೀಸೆ ಬರೆದ ಒಂದು ಸಂಚಿಕೆ ನನ್ನ ಹತ್ತಿರ ಇದೆ, ಯಾರಿಗೂ ಕೊಡುವುದಿಲ್ಲ. ಕೆಲವು ಸಂಗ್ರಾಹಕರು ಇಂಥವನ್ನು ಮುಟ್ಟುವುದೂ ಇಲ್ಲ. ಅವರಿಗೆ ಅಂಗಡಿಯಿಂದ ಆಗ ತಾನೇ ಬಂದಂತೆ ಇರಬೇಕು. ಅವರವರ ಇಷ್ಟ. ಆದರೆ ಸೀಲು, ಸೆಲೋಟೇಪು, ಲ್ಯಾಮಿನೇಷನ್ ಈ ಮೂರು ಇದ್ದರೆ ನಾನೂ ಕೈಬಿಡುತ್ತೇನೆ. ಅದರಲ್ಲೂ ಲ್ಯಾಮಿನೇಷನ್! ಮುಖಪುಟ ಉಳಿಸಬೇಕು ಅಂತ ಪ್ರೀತಿಯಿಂದ ಮಾಡಿರುತ್ತಾರೆ ಪಾಪ, ಆಮೇಲೆ ಅದನ್ನು ಬಿಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ. ಸೆಲೋಟೇಪು ಇನ್ನೂ ಕೆಟ್ಟದ್ದು. ಟೇಪು ಒಣಗಿ ಉದುರಿಹೋಗುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಹಳದಿ ಪಟ್ಟಿಯಾಗಿ ಉಳಿದುಬಿಡುತ್ತದೆ.

ಇಸವಿ ವಿಷಯದಲ್ಲೂ ಅವರ ಮಾತು ನಂಬಬೇಡಿ. ಸುಳ್ಳು ಹೇಳುತ್ತಾರೆ ಅಂತಲ್ಲ, ಮೊದಲ ಪುಟ ಹರಿದುಹೋಗಿರುವ ಸಂಚಿಕೆಗೆ ಅಂದಾಜಿನಲ್ಲಿ ಒಂದು ಇಸವಿ ಹಾಕಿಬಿಡುತ್ತಾರೆ, ಆ ಅಂದಾಜು ಯಾವಾಗಲೂ ಹಿಂದಕ್ಕೇ ಹೋಗುತ್ತದೆ, ಮುಂದಕ್ಕೆ ಹೋಗಿದ್ದು ನಾನು ಕಂಡಿಲ್ಲ. ನೀವೇ ಪತ್ತೆ ಮಾಡಬಹುದು, ಕಷ್ಟ ಏನಿಲ್ಲ. ಬೆಲೆ ಎಲ್ಲಾದರೂ ಅಚ್ಚಾಗಿದೆಯಾ ನೋಡಿ. ಆಣೆಯಲ್ಲಿ ಇದ್ದರೆ 1957ಕ್ಕಿಂತ ಹಿಂದಿನದು ಅಂತ ಇಟ್ಟುಕೊಳ್ಳಬಹುದು, ಆ ವರ್ಷ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ‘ನಯೇ ಪೈಸೆ’ ಅಂತ ಇದ್ದರೆ ಅಲ್ಲಿಂದ 1964ರ ನಡುವಿನದು. ಆಮೇಲೆ ಬರೀ ಪೈಸೆ. ಒಂದೆರಡು ವರ್ಷ ಹಳೇ ಅಭ್ಯಾಸ ಮುಂದುವರಿದಿರಬಹುದು, ಅದಕ್ಕೆ ಜಾಹೀರಾತಿನಲ್ಲಿರುವ ಬೆಲೆಗಳನ್ನೂ ನೋಡಿ. ಇನ್ನೊಂದು ಗುಟ್ಟು ವಿಳಾಸ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಎಲ್ಲಾದರೂ ಮದರಾಸು 600 026 ಅಂತ ಆರಂಕಿ ಕಂಡರೆ ಅದು ಅರವತ್ತರ ದಶಕದ್ದಾಗಿರಲು ಸಾಧ್ಯವೇ ಇಲ್ಲ. ಒಮ್ಮೆ ಇದೇ ವ್ಯಾಪಾರಿಗೆ ಈ ಲೆಕ್ಕ ತೋರಿಸಿದೆ. 1962 ಅಂತ ಹಾಕಿದ್ದರು, ಹಿಂಬದಿಯ ಜಾಹೀರಾತಿನಲ್ಲಿ ಆರಂಕಿ ಪಿನ್ನು ಎದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ, ಆಮೇಲೆ ಅರ್ಧ ಬೆಲೆಗೆ ಕೊಟ್ಟರು. ಈ ತಾಳ್ಮೆಗೇ ಅರ್ಧ ಅಂಕ ಅಂದದ್ದು.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಒಂದು ಸಂಚಿಕೆ ಬಂತು, ಮಹಾಭಾರತದ ಮುಖಪುಟ, ಬಣ್ಣ ಭರ್ಜರಿ. ಬೆಲೆಯೂ ಭರ್ಜರಿ. ಕವರಿನಿಂದ ತೆಗೆದೆ, ಬೆರಳಾಡಿಸಿದೆ, ಏನೋ ಸರಿಯಿಲ್ಲ ಅನ್ನಿಸಿತು. ಮುಖಪುಟದಲ್ಲಿ ಒಂದು ಮಡಿಕೆಯ ಗೆರೆ ಕಾಣುತ್ತಿದೆ, ಕೈಗೆ ಸಿಗುತ್ತಿಲ್ಲ. ಮಡಿಕೆ ಇದ್ದದ್ದು ಇನ್ಯಾವುದೋ ಅಸಲಿ ಪ್ರತಿಯಲ್ಲಿ. ಅದನ್ನು ಕಲರ್ ಜೆರಾಕ್ಸ್ ಮಾಡಿ, ಹಳೇ ಒಳಪುಟಗಳಿಗೆ ಪಿನ್ನು ಹೊಡೆದಿದ್ದರು. ಪಿನ್ನು ಫಳಫಳ ಹೊಸದು. ಕೇಳಿದರೆ, ‘ನಂಗೂ ಹಂಗೇ ಬಂದಿದ್ದು ಸಾರ್, ಗುಜರಿಯವ್ರು ಕೊಟ್ಟಿದ್ದು’ ಅಂದರು. ಇರಬಹುದು. ಬಹಳ ಕೇಳಿಕೊಂಡ ಮೇಲೆ ದುಡ್ಡಿನಲ್ಲಿ ಸ್ವಲ್ಪ ವಾಪಸ್ ಬಂತು, ಉಳಿದದ್ದಕ್ಕೆ ‘ಮುಂದಿನ ಆರ್ಡರಲ್ಲಿ ಅಡ್ಜಸ್ಟ್ ಮಾಡೋಣ’ ಆಯಿತು. ಇಂಥ ಕಡೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು. ಅದರಲ್ಲಿ ಮಾತೇ ಇಲ್ಲ.

ಇದನ್ನು ಹಿಡಿಯುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಒಳ್ಳೇ ಕಲರ್ ಪ್ರಿಂಟು ಈಗ ಯಾವ ಊರಲ್ಲೂ ಸಿಗುತ್ತದೆ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಹಳೇ ಮುಖಪುಟದಲ್ಲಿ ಬಣ್ಣ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ, ನೀಲಿ, ಕೆಂಪು, ಹಳದಿ, ಕಪ್ಪು, ಸಾಲಾಗಿ ಕೂತಿರುತ್ತವೆ. ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಒತ್ತುತ್ತಿದ್ದರಿಂದ ಎಷ್ಟೋ ಪ್ರತಿಗಳಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದಿರುತ್ತದೆ, ತುಟಿಯ ಕೆಂಪು ತುಟಿಯ ಗೆರೆ ದಾಟಿ ಗಲ್ಲಕ್ಕೆ ಬಂದಿರುತ್ತದೆ. ಅದು ದೋಷ ಅಂತ ಬೇಸರ ಬೇಡ. ಇಂಕ್‌ಜೆಟ್ ಪ್ರಿಂಟಿನಲ್ಲಿ ಚುಕ್ಕಿಗೆ ಸಾಲು ಇರುವುದಿಲ್ಲ, ಎರಚಿದ ಹಾಗೆ ಇರುತ್ತದೆ. ಲೇಸರ್ ಪ್ರಿಂಟಾದರೆ ಸ್ವಲ್ಪ ಮೋಸ ಹೋಗಬಹುದು, ಅಲ್ಲೂ ಸಾಲು ಕಾಣುತ್ತದೆ, ಆಗ ಮಡಿಕೆ, ಕಲೆ, ಧೂಳಿನ ಗುರುತು ಇವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಕಣ್ಣಿಗೆ ಕಂಡಿದ್ದು ಬೆರಳಿಗೆ ಸಿಗದಿದ್ದರೆ ವಾಪಸ್ ಕಳಿಸಿ. ಪಿನ್ನಿನ ಸುತ್ತ ತುಕ್ಕಿನ ಕಲೆ ಇದೆಯಾ, ಅದು ಮುಖಪುಟಕ್ಕೂ ಹತ್ತಿದೆಯಾ ಅಂತಲೂ ನೋಡಿ. ಅಷ್ಟು ವರ್ಷ ಒಟ್ಟಿಗೆ ಇದ್ದ ಕಾಗದ ಅಂದರೆ ತುಕ್ಕು ಎರಡಕ್ಕೂ ಹತ್ತಿರಲೇಬೇಕು.

ಬೈಂಡ್ ಸಂಪುಟಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಒಂದು ವರ್ಷದ್ದು ಒಟ್ಟಿಗೆ ಸಿಗುತ್ತದೆ, ಒಂದೊಂದಾಗಿ ಕೊಳ್ಳುವುದಕ್ಕಿಂತ ಅಗ್ಗ ಅಲ್ವಾ ಅಂತ. ಓದುವವರಿಗೆ ಸರಿ. ಮುಖಪುಟ ಬೇಕಾದವರಿಗೆ ದಂಡ. ಹಳೇ ಬೈಂಡರ್‌ಗಳು ಮಾಡುತ್ತಿದ್ದ ಮೊದಲ ಕೆಲಸವೇ ಮುಖಪುಟ, ಜಾಹೀರಾತು ಎಲ್ಲ ಕಿತ್ತು ಹಾಕುವುದು, ದಪ್ಪ ಕಮ್ಮಿಯಾಗಲಿ ಅಂತ. ಎರಡನೇ ಕೆಲಸ, ಮೂರೂ ಕಡೆ ಅಂಚು ಕತ್ತರಿಸುವುದು. ಅಕಸ್ಮಾತ್ ಮುಖಪುಟ ಉಳಿಸಿದ್ದರೂ ಕತ್ತರಿಸುವಾಗ ಮೂಲೆ ಹೋಗಿರುತ್ತದೆ, ಕಲಾವಿದನ ಸಹಿ ಇರುವುದೂ ಆ ಮೂಲೆಯಲ್ಲೇ. ನಮ್ಮ ವ್ಯಾಪಾರಿಯ ಹತ್ತಿರ ಒಂದು ಸಂಪುಟ ಇತ್ತು, ಕ್ಯಾಲಿಕೋ ಬಟ್ಟೆಯ ಬೆನ್ನು, ಮೇಲೆ ಚಿನ್ನದ ಬಣ್ಣದಲ್ಲಿ ಮನೆಯವರ ಹೆಸರು, ನೋಡಲು ಸೊಗಸು. ಒಳಗೆ ಹನ್ನೆರಡರಲ್ಲಿ ಒಂದೇ ಒಂದು ಮುಖಪುಟ, ಅದೂ ಹಿಂದುಮುಂದಾಗಿ ಸೇರಿಸಿದ್ದು. ಒಂದು ಮಾತು ಮಾತ್ರ ಬೈಂಡರ್‌ಗಳ ಪರವಾಗಿ ಹೇಳಬೇಕು. ಅವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು, ಹುಳ ಬರದಿರಲಿ ಅಂತ. ಅಂಥ ಸಂಪುಟದ ಒಳಪುಟಗಳು ಇವತ್ತಿಗೂ ಗಟ್ಟಿ ಇವೆ. ಬಿಡಿ ಸಂಚಿಕೆಗಳಿಗೆ ಆ ಭಾಗ್ಯ ಇಲ್ಲ.

ಪ್ಯಾಕಿಂಗ್. ಎರಡು ಸಂಚಿಕೆಯನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ಕೊರಿಯರ್ ಮಾಡಿದ್ದರು. ರಬ್ಬರ್ ಬ್ಯಾಂಡ್ ಕೂತ ಕಡೆ ಅರ್ಜುನನ ಬಿಲ್ಲು ಎರಡು ತುಂಡು. ಅಂದಿನಿಂದ ನಾನು ಆರ್ಡರ್ ಜೊತೆಗೇ ಬರೆಯುತ್ತೇನೆ: ಸುತ್ತಬೇಡಿ, ಮಡಚಬೇಡಿ, ಎರಡು ಕಡೆ ರಟ್ಟು ಇಟ್ಟು, ರಟ್ಟು ಸಂಚಿಕೆಗಿಂತ ಎರಡು ಬೆರಳು ದೊಡ್ಡದಿರಲಿ, ಆಮೇಲೆ ಪ್ಲಾಸ್ಟಿಕ್, ಆಮೇಲೆ ಕಾಗದ, ಸ್ಪೀಡ್ ಪೋಸ್ಟ್. ರಟ್ಟಿನ ದುಡ್ಡು ಬೇರೆ ಕೊಡುತ್ತೇನೆ ಅಂತಲೂ ಹೇಳುತ್ತೇನೆ. ಈಗ ಸರಿಯಾಗಿ ಕಳಿಸುತ್ತಿದ್ದಾರೆ. ಮಳೆಗಾಲದಲ್ಲಿ ಮಾತ್ರ ತರಿಸಬೇಡಿ. ನೀರು ಕುಡಿದ ಹಳೇ ಮುಖಪುಟ ಒಣಗಿದ ಮೇಲೆ ಹಪ್ಪಳದ ಹಾಗೆ ಏಳುತ್ತದೆ, ಎಷ್ಟು ಭಾರ ಹೇರಿದರೂ ಕೂರುವುದಿಲ್ಲ.

ಬೇರೆ ದಾರಿ ಇಲ್ವಾ ಅಂದರೆ, ಇದೆ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್. ಈಗ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಆಯಿತು. ಆದರೆ ಅವೆನ್ಯೂ ರಸ್ತೆಯ ಪುಸ್ತಕ ವ್ಯಾಪಾರ ಬಹುಮಟ್ಟಿಗೆ ಪಠ್ಯಪುಸ್ತಕ, ಗೈಡು, ಸಿಇಟಿ ಪ್ರಶ್ನೆಪತ್ರಿಕೆಯದ್ದು. ಹಳೇ ಪತ್ರಿಕೆ ಅಂದರೆ ‘ಇಲ್ಲ, ಅದೆಲ್ಲ ಕೆ.ಜಿ. ಲೆಕ್ಕಕ್ಕೆ ಹೋಗುತ್ತೆ’ ಅನ್ನುತ್ತಾರೆ. ಭಾನುವಾರ ಬೆಳಿಗ್ಗೆ ಬೇಗ ಹೋದರೆ ನೆಲದ ಮೇಲೆ ಟಾರ್ಪಾಲು ಹಾಸಿ ಕೂತವರ ಹತ್ತಿರ ಒಂದೊಂದು ಸಲ ಸಿಗುತ್ತದೆ, ತುಕ್ಕು ಹಿಡಿದ ಬೀಗ, ಹಳೇ ಚಾರ್ಜರುಗಳ ನಡುವೆ. ಚೌಕಾಸಿ ಮಾಡಬಹುದು. ಕೈಯಲ್ಲಿ ಹಿಡಿದು ನೋಡಬಹುದು. ಅದೇ ದೊಡ್ಡ ಲಾಭ. ಸಿಗುವ ಖಾತ್ರಿ ಇಲ್ಲ, ಅದೇ ದೊಡ್ಡ ನಷ್ಟ. ಮದರಾಸಿನ ಮೂರ್ ಮಾರ್ಕೆಟ್ ಇದ್ದಿದ್ದರೆ ಅಲ್ಲಿಗೇ ಹೋಗಿ ಕೂರುತ್ತಿದ್ದೆ. ಹಳೇ ಪುಸ್ತಕಕ್ಕೆ ಹೆಸರಾಗಿದ್ದ ಆ ಮಾರ್ಕೆಟ್ಟು 1985ರಲ್ಲಿ ಬೆಂಕಿಗೆ ಹೋಯಿತು. ಚಂದಮಾಮ ಅಚ್ಚಾದ ಊರಲ್ಲೇ ಎಷ್ಟು ಚಂದಮಾಮ ಸುಟ್ಟುಹೋದವೋ.

ದುಡ್ಡು ಉಳಿಸುವ ಒಂದು ಉಪಾಯ ಇದೆ, ಕನ್ನಡಾಭಿಮಾನಿಗಳು ಬೈಯಬಾರದು. ಚಂದಮಾಮ ಎಲ್ಲ ಭಾಷೆಗೂ ಬಹುಮಟ್ಟಿಗೆ ಒಂದೇ ಚಿತ್ರ ಬಳಸುತ್ತಿತ್ತು, ಹೆಸರು ಮಾತ್ರ ಬದಲು. ತೆಲುಗು ಚಂದಮಾಮ, ತಮಿಳಿನ ಅಂಬುಲಿಮಾಮ, ಮರಾಠಿಯ ಚಾಂದೋಬಾ, ಎಲ್ಲದರ ಮೇಲೂ ಅದೇ ಭೀಮ, ಅದೇ ದುರ್ಯೋಧನ. ಬರೀ ಚಿತ್ರ ಸಾಕು ಅನ್ನುವವರು ತೆಲುಗು ಪ್ರತಿ ಹುಡುಕಿ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಹಳೇ ಪುಸ್ತಕಗಳ ಸಾಲೇ ಇರುತ್ತದೆ. ನಾನೂ ಒಂದೆರಡು ತೆಲುಗು ಪ್ರತಿ ಇಟ್ಟುಕೊಂಡಿದ್ದೇನೆ, ಕನ್ನಡದ್ದು ಸಿಗುವವರೆಗೆ. ನಿಜ ಹೇಳಬೇಕು ಅಂದರೆ ಮೇಲ್ಗಡೆ ನಮ್ಮ ಅಕ್ಷರದಲ್ಲಿ ‘ಚಂದಮಾಮ’ ಅಂತ ಇಲ್ಲದಿದ್ದರೆ ನನಗೆ ಅದು ಬೇರೆಯವರ ಮನೆಯದ್ದು ಅನ್ನಿಸುತ್ತದೆ.

ಇನ್ನೊಂದು ಎಚ್ಚರಿಕೆ. ವ್ಯಾಪಾರಿ ‘ಕೊನೇ ಸಂಚಿಕೆಗಳು, ಸಿಗಲ್ಲ’ ಅಂತ ಎರಡು ಸಾವಿರದ ಇಸವಿಯ ನಂತರದ್ದಕ್ಕೂ ದೊಡ್ಡ ಬೆಲೆ ಹೇಳುತ್ತಾರೆ. 1998ರಲ್ಲಿ ಪತ್ರಿಕೆ ನಿಂತಿತು, ಒಂದು ವರ್ಷದ ನಂತರ ಮತ್ತೆ ಬಂತು, 2007ರಲ್ಲಿ ಮುಂಬೈನ ಜಿಯೋಡೆಸಿಕ್ ಕೊಂಡುಕೊಂಡಿತು, ಕೆಲವೇ ವರ್ಷಗಳಲ್ಲಿ ಪೂರ್ತಿ ನಿಂತುಹೋಯಿತು. ಆ ಕಾಲದ ಕಾಗದ ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ. ಮುಖಪುಟ ಮಾತ್ರ ನನ್ನನ್ನು ನಿಲ್ಲಿಸುವುದಿಲ್ಲ. ನೆನಪಿಗೆ ಒಂದು ಬೇಕಿದ್ದರೆ ತಗೊಳ್ಳಿ, ಹೂಡಿಕೆ ಅಂತ ತಗೋಬೇಡಿ.

ಮನೆಗೆ ತಂದ ಮೇಲೆ ಇಡುವುದು ಹೇಗೆ ಅಂತ ಗೊತ್ತಿಲ್ಲದೆ ಹಾಳು ಮಾಡುವವರು ಜಾಸ್ತಿ. ಹಳೇ ಚಂದಮಾಮ ಎ4 ಹಾಳೆಗಿಂತ ಚಿಕ್ಕದು, ಹಾಗಾಗಿ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಎ4 ಶೀಟ್ ಪ್ರೊಟೆಕ್ಟರ್‌ನಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್‌ನದ್ದೇ ಆಗಿರಲಿ. ಜೋರು ಪ್ಲಾಸ್ಟಿಕ್ ವಾಸನೆ ಬರುವ ಮೆತ್ತಗಿನ ಪಿವಿಸಿ ಕವರ್ ಬೇಡ, ಅದು ವರ್ಷಗಳು ಕಳೆದಂತೆ ಅಚ್ಚಿನ ಮಸಿಗೆ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಬಣ್ಣವೂ ಜೊತೆಗೆ ಬರುತ್ತದೆ. ಹಿಂದೆ ಒಂದು ತೆಳು ರಟ್ಟು ಕೊಟ್ಟರೆ ಬಗ್ಗುವುದಿಲ್ಲ. ತುಕ್ಕು ಹಿಡಿದ ಪಿನ್ನನ್ನು ನಿಧಾನವಾಗಿ ಬಿಚ್ಚಿ ತೆಗೆದು ದಾರದಲ್ಲಿ ಹೊಲಿದರೆ ಒಳ್ಳೆಯದು. ಕೆಲವರು ಪಿನ್ನು ಮುಟ್ಟಬಾರದು, ಅಸಲಿತನ ಹೋಗುತ್ತೆ ಅನ್ನುತ್ತಾರೆ. ತುಕ್ಕು ಕಾಗದ ತಿನ್ನುತ್ತಿರುವಾಗ ಅಸಲಿತನ ಇಟ್ಟುಕೊಂಡು ಏನು ಮಾಡುವುದು? ಹುಳಕ್ಕೆ ನಮ್ಮ ಹಿರಿಯರು ತಾಳೆಗರಿ ಕಟ್ಟಿನ ಜೊತೆ ಬಜೆ ಬೇರು ಇಡುತ್ತಿದ್ದರು, ನಾನೂ ಬೀರುವಿನ ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೇನೆ. ಮಲೆನಾಡು, ಕರಾವಳಿಯವರಿಗೆ ಹುಳಕ್ಕಿಂತ ಬೂಸ್ಟಿನ ಕಾಟ. ಅವರು ಗೋಡೆಗೆ ತಾಗಿದ ಬೀರುವಿನಲ್ಲಿ ಇಡದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಫ್ರೇಮು ಹಾಕಿ ಗೋಡೆಗೆ ನೇತು ಹಾಕುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ ಆರಿಸಿ. ಮೊದಲು ಮಾಸುವುದು ಕೆಂಪು, ಹಳದಿ, ಕೊನೆಗೆ ಬರೀ ನೀಲಿ ಭೀಮ ಉಳಿಯುತ್ತಾನೆ.

ಅವರ ಪಟ್ಟಿಯಲ್ಲಿ ಚಂದಮಾಮ ಅಲ್ಲದೆ ಬೇರೆಯವೂ ಇವೆ. ಸುಧಾ, ಮಯೂರ, ಕಸ್ತೂರಿ, ತುಷಾರ, ದೀಪಾವಳಿ ವಿಶೇಷಾಂಕಗಳು. ಎಪ್ಪತ್ತು ಎಂಬತ್ತರ ದಶಕದ ವಿಶೇಷಾಂಕಗಳನ್ನು ಈಗ ಯಾರೂ ಕೇಳುತ್ತಿಲ್ಲ, ಅದಕ್ಕೇ ಅಗ್ಗ. ಚಂದ್ರನಾಥ ಆಚಾರ್ಯರಂಥ ಕಲಾವಿದರು ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಕಾಲ ಅದು. ಬುದ್ಧಿ ಇದ್ದವರು ಈಗಲೇ ಎತ್ತಿಟ್ಟುಕೊಳ್ಳಿ. ಕೊರವಂಜಿ ಕೇಳಿದ್ದೆ, ‘ರಾಶಿ’ ಅಂತ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರ ಹಾಸ್ಯ ಪತ್ರಿಕೆ, 1942ರಲ್ಲಿ ಶುರುವಾಗಿದ್ದು, ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಅದಕ್ಕೆ ಚಿತ್ರ ಬರೆದಿದ್ದರು. ‘ಇದೆ ಸಾರ್, ಹುಡುಕ್ತೀನಿ’ ಅಂದರು. ಇನ್ನೂ ಹುಡುಕುತ್ತಲೇ ಇದ್ದಾರೆ.

ಹಾಗಾದರೆ ಇವರ ಹತ್ತಿರ ತಗೋಬಹುದಾ? ತಗೊಳ್ಳಿ, ಆದರೆ ಫೋಟೋ ಸಾಲದು. ಮುಖಪುಟವನ್ನು ಬೆಳಕಿನಲ್ಲಿ ಓರೆಯಾಗಿ ಹಿಡಿದು ವಿಡಿಯೋ ಮಾಡಿ ಕಳಿಸಿ ಅನ್ನಿ, ಮಡಿಕೆ ನಿಜವೋ ಅಚ್ಚೋ ಅದರಲ್ಲೇ ಗೊತ್ತಾಗುತ್ತದೆ. ನಾಲ್ಕು ಮೂಲೆ, ಎರಡು ಪಿನ್ನು, ಹಿಂಬದಿ ಪುಟ, ಮುಖಪುಟದ ಒಳಮೈ. ಹೆಬ್ಬೆರಳು ಇಲ್ಲದೆ. ಪೂರ್ತಿ ದುಡ್ಡು ಮುಂಚೆಯೇ ಕಳಿಸಬೇಡಿ, ಅರ್ಧ ಅಡ್ವಾನ್ಸು, ಉಳಿದದ್ದು ಪಾರ್ಸೆಲ್ ಬಿಚ್ಚಿದ ಮೇಲೆ ಅನ್ನಿ. ಮೊದಲು ಮುನಿಸಿಕೊಳ್ಳುತ್ತಾರೆ, ಆಮೇಲೆ ಒಪ್ಪುತ್ತಾರೆ. ನೆನ್ನೆ ಒಂದು ಹೊಸ ಫೋಟೋ ಬಂದಿದೆ, ಆಚಾರ್ಯರದ್ದು, ಮೂಲೆಯಲ್ಲಿ ಸಹಿ ಕಾಣುತ್ತಿದೆ, ಪಿನ್ನಿನ ಹತ್ತಿರ ಒಳ್ಳೇ ತುಕ್ಕೂ ಇದೆ. 1200 ಹೇಳಿದ್ದಾರೆ. ನಾನು 700 ಅಂದಿದ್ದೇನೆ, ಜೊತೆಗೆ ವಿಡಿಯೋ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. 900ರವರೆಗೂ ಹೋಗುತ್ತೇನೆ, ಇದನ್ನು ಅವರು ಓದದಿದ್ದರೆ ಸಾಕು.